ಅಪರಾಧಿ ಇಲ್ಲದ ವಿಷ



ಕಲುಷಿತ ನೆಲ-ಜಲಗಳ ಶುದ್ಧೀಕರಣದಲ್ಲಿ ಸರ್ಕಾರದ ನೀತಿ ವಿಶ್ಲೇಷಕರು ಮಾಡಬೇಕಾದ ಕೆಲಸವೇನು ಎಂಬುದು ಈ ಗೋಷ್ಠಿಯ ವಿಷಯ. ಈ ಮಾತು ಕಿವಿಗೆ ಬಿದ್ದ ಕೂಡಲೇ ಕಣ್ಣ ಮುಂದೆ ಬರುವುದು ಕಾರ್ಖಾನೆಯ ಕೊಳವೆ, ತುಕ್ಕು ಹಿಡಿದ ಡ್ರಮ್ಮು, ಬಣ್ಣ ತಿರುಗಿದ ಕಾಲುವೆ. ಆಂಧ್ರದ ಹಿಂದೂಪುರದ ಸುತ್ತ ತೂಮುಕುಂಟ, ಗೊಲ್ಲಾಪುರಂಗಳಂಥ ಕೈಗಾರಿಕಾ ಪ್ರದೇಶಗಳಿವೆ. ಅಲ್ಲಿನ ಮಣ್ಣು, ನೀರಿನ ಮೇಲೆ ಕಣ್ಣಿಡಬೇಕಾದದ್ದೂ ನ್ಯಾಯವೇ. ಅದಕ್ಕೀಗ ಕಾನೂನಿನ ಬಲವೂ ಬಂದಿದೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣಾ ನಿಯಮಗಳನ್ನು ಹೊರಡಿಸಿತು. ಜಿಲ್ಲಾಡಳಿತ ಶಂಕಿತ ತಾಣಗಳನ್ನು ಗುರುತಿಸಬೇಕು, ಪರಿಣತ ಸಂಸ್ಥೆ ಪರೀಕ್ಷಿಸಬೇಕು, ಹೊಣೆಗಾರನನ್ನು ಹುಡುಕಿ ವೆಚ್ಚ ವಸೂಲು ಮಾಡಬೇಕು ಎಂಬುದು ಅದರ ಕ್ರಮ. ನಿಯಮ ಬಂದಾಗ ದೇಶದಲ್ಲಿ ಗುರುತಿಸಿದ್ದ ಕಲುಷಿತ ತಾಣಗಳು 103. ಶುದ್ಧೀಕರಣ ಶುರುವಾಗಿದ್ದದ್ದು 7ರಲ್ಲಿ ಮಾತ್ರ. ಆ ಅಂಕಿಯೇ ಒಂದು ಭಾಷಣಕ್ಕೆ ಸಾಕು. ಆದರೆ ನಾನು ಎತ್ತಬೇಕೆಂದಿರುವ ಪ್ರಶ್ನೆ ಆ ಪಟ್ಟಿಯ ಹೊರಗಿನದು. ಹಿಂದೂಪುರದಿಂದ ಮಡಕಶಿರಾ ಹಾದು ಕಲ್ಯಾಣದುರ್ಗದವರೆಗೆ ಅತಿ ಹೆಚ್ಚು ಜನರ ಮೈಗೆ ಇಳಿದಿರುವ ವಿಷ ಫ್ಲೋರೈಡ್. ಅದನ್ನು ಯಾರೂ ಸುರಿಯಲಿಲ್ಲ. ಸುರಿದವರಿಲ್ಲದ್ದರಿಂದಲೇ ಅದು ಈ ನಿಯಮಗಳ ಕಣ್ಣಿಗೆ ಬೀಳುವುದಿಲ್ಲ.

ಫ್ಲೋರೈಡಿನ ಕಥೆ ನಮಗೆ ಹೊಸದಲ್ಲ. ನೆಲ್ಲೂರು ಜಿಲ್ಲೆಯ ಜನರ ಬೆನ್ನುಮೂಳೆ ಬಿಗಿದುಕೊಳ್ಳುತ್ತಿದ್ದುದಕ್ಕೆ ಕುಡಿಯುವ ನೀರೇ ಕಾರಣವೆಂದು ವೈದ್ಯರು ಬರೆದದ್ದು 1937ರಲ್ಲಿ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಆಂಧ್ರದ ಹುಡುಗರ ಮೊಣಕಾಲುಗಳು ಒಳಕ್ಕೆ ಬಾಗುತ್ತಿರುವುದನ್ನು ಇದೇ ನೀರಿನೊಂದಿಗೆ ಸೇರಿಸಿ ನೋಡಿದರು. ರಾಯಲಸೀಮೆಯ ಈ ಭಾಗದ ಅಡಿಪಾಯ ಗ್ರಾನೈಟು ಮತ್ತು ನೈಸ್ ಶಿಲೆ. ಅದರೊಳಗಿನ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕಗಳಲ್ಲಿ ಫ್ಲೋರೈಡ್ ಅಡಗಿದೆ. ನೀರಿನಲ್ಲಿ ಸುಣ್ಣದ ಅಂಶ ಧಾರಾಳವಾಗಿದ್ದರೆ ಅದು ಫ್ಲೋರೈಡನ್ನು ಕಟ್ಟಿ ಕೆಳಗಿಳಿಸುತ್ತದೆ. ಸೋಡಿಯಂ, ಬೈಕಾರ್ಬೊನೇಟು ಹೆಚ್ಚಿರುವ ಕ್ಷಾರ ನೀರು ಅದನ್ನು ಕರಗಿಸಿಕೊಂಡು ಹೊತ್ತು ತರುತ್ತದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ನಾಡಿನಲ್ಲಿ ಕಲ್ಲಿನ ಬಿರುಕುಗಳಲ್ಲಿ ನಿಂತ ನೀರಿಗೆ ಹೊಸ ನೀರು ಬೆರೆಯುವುದೂ ಅಪರೂಪ. ಇಷ್ಟು ಹೇಳಿ ನಿಲ್ಲಿಸಿದರೆ ಇದು ಭೂವಿಜ್ಞಾನದ ಪಾಠ, ಆಡಳಿತಕ್ಕೆ ಇದರಲ್ಲಿ ಕೆಲಸವಿಲ್ಲ ಎನ್ನಿಸುತ್ತದೆ. ಕಡತಗಳಲ್ಲಿ ‘ನೈಸರ್ಗಿಕ’ ಎಂಬ ಒಂದೇ ಪದದ ಷರಾ ಮಾಡುತ್ತ ಬಂದಿರುವುದೂ ಇದನ್ನೇ.

ನನ್ನ ವಾದವಿಷ್ಟು: ಕಲ್ಲಿನಲ್ಲಿ ಫ್ಲೋರೈಡ್ ಇರುವುದು ನಿಸರ್ಗ, ಅದು ಬಿಂದಿಗೆಗೆ ಬಂದದ್ದು ನೀತಿ. ಹೆಂಜೇರನ್ನು, ಅಂದರೆ ಇಂದಿನ ಹೇಮಾವತಿಯನ್ನು, ರಾಜಧಾನಿ ಮಾಡಿಕೊಂಡ ನೊಳಂಬರ ಕಾಲದಲ್ಲೂ ನೆಲದಡಿ ಇದೇ ಕಲ್ಲಿತ್ತು. ಜನ ಕುಡಿಯುತ್ತಿದ್ದದ್ದು ಕೆರೆಯ, ಕೆರೆಯ ಕೆಳಗಿನ ತೋಡುಬಾವಿಯ ನೀರನ್ನು. ಕೆರೆಗಳು ಹೂಳು ತುಂಬಿದವು, ಬಾವಿಗಳು ಬತ್ತಿದವು, ಬೋರು ಬಂತು. ಆಮೇಲೆ ಬೋರಿನ ಪಕ್ಕದಲ್ಲಿ ಇನ್ನೂ ಆಳದ ಬೋರು. 2002ರಲ್ಲಿ ಆಂಧ್ರಪ್ರದೇಶ ನೀರು, ನೆಲ, ಮರಗಳ ರಕ್ಷಣೆಗೆ ಕಾಯ್ದೆ ತಂದು ಬಾವಿಗಳ ನೋಂದಣಿ ಕಡ್ಡಾಯ ಮಾಡಿತು. 2004ರಲ್ಲಿ ಅದೇ ರಾಜ್ಯ ಕೃಷಿ ಪಂಪುಗಳಿಗೆ ಉಚಿತ ವಿದ್ಯುತ್ ಕೊಟ್ಟಿತು. ಬರದಲ್ಲಿ ಕಂಗೆಟ್ಟ ರೈತನಿಗೆ ಆ ನೆರವು ಬೇಕಾಗಿತ್ತು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಒಂದು ಇಲಾಖೆ ಬಾವಿಗೆ ಮಿತಿ ಹೇಳುವಾಗ ಇನ್ನೊಂದು ಇಲಾಖೆ ಆಳಕ್ಕೆ ಇಳಿಯುವ ಖರ್ಚನ್ನೇ ಇಳಿಸಿದರೆ ನೀರು ಯಾವ ಇಲಾಖೆಯ ಮಾತು ಕೇಳಬೇಕು? ಆಳ ಹೆಚ್ಚಿದಲ್ಲೆಲ್ಲ ಫ್ಲೋರೈಡ್ ಹೆಚ್ಚುತ್ತದೆ ಎಂದು ಸೂತ್ರ ಕಟ್ಟಲಾಗದು ನಿಜ. ಒಂದು ಬಿರುಕಿನಿಂದ ಇನ್ನೊಂದಕ್ಕೆ ಅಂಕಿ ಬದಲಾಗುತ್ತದೆ. ಹಾಗಿರುವುದರಿಂದಲೇ ಊರಿಗೊಂದು ಮಾದರಿ ಸಾಲದು, ಬೋರಿಗೊಂದು ಬೇಕು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಕಲ್ಲಿನ ವಿಷವನ್ನೂ ಮಾಲಿನ್ಯವೆಂದು ಕರೆದರೆ, ನಿಜವಾಗಿ ವಿಷ ಸುರಿದವನು ‘ನನ್ನದಲ್ಲ, ನೆಲದ್ದು’ ಎಂದು ಜಾರಿಕೊಳ್ಳುತ್ತಾನೆ. ಸರ್ಕಾರದ ಮೇಲೆ ಕೊನೆಯಿಲ್ಲದ ಸಾಲದ ಹೊರೆಯೂ ಬೀಳುತ್ತದೆ. ಅಮೆರಿಕದ 1980ರ ಸೂಪರ್‌ಫಂಡ್ ಕಾಯ್ದೆಯೂ ತನ್ನ ಸಹಜ ಸ್ಥಾನದಲ್ಲಿ, ಸಹಜ ರೂಪದಲ್ಲಿ ಇರುವ ಪದಾರ್ಥವನ್ನು ಹೊರಗಿಟ್ಟಿದೆ. ಈ ಆಕ್ಷೇಪದ ಮೊದಲರ್ಧವನ್ನು ನಾನು ಒಪ್ಪುತ್ತೇನೆ. 2025ರ ನಿಯಮಗಳೊಳಗೆ ಫ್ಲೋರೈಡನ್ನು ತುರುಕಬೇಕೆಂದು ನಾನು ಕೇಳುತ್ತಿಲ್ಲ. ಅಪರಾಧಿಯನ್ನು ಹಿಡಿಯುವ ಕಾನೂನು ಅದಕ್ಕಷ್ಟೇ ಹರಿತವಾಗಿರಲಿ. ಆದರೆ ಅದೇ ಸೂಪರ್‌ಫಂಡ್ ಕಾಯ್ದೆ, ಜನಾರೋಗ್ಯಕ್ಕೆ ತುರ್ತು ಅಪಾಯವಿದ್ದು ಬೇರೆ ಯಾರೂ ಮುಂದೆ ಬರದಿದ್ದರೆ ಸರ್ಕಾರ ಕೈಹಾಕಬಹುದು ಎಂದು ಒಂದು ಬಾಗಿಲನ್ನು ತೆರೆದಿಟ್ಟಿದೆ. ತಪ್ಪಿನ ಲೆಕ್ಕ ಬೇರೆ, ಪರಿಹಾರದ ಲೆಕ್ಕ ಬೇರೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದಾಗ ತಪ್ಪಿತಸ್ಥ ಸಿಗದ ಊರಿಗೆ ಪರಿಹಾರವೂ ಸಿಗುವುದಿಲ್ಲ. ಬಾಂಗ್ಲಾದೇಶದಲ್ಲಿ ಆದದ್ದು ಇದೇ. 1992ರಲ್ಲಿ ಬ್ರಿಟಿಷ್ ಭೂವಿಜ್ಞಾನ ಸಮೀಕ್ಷೆಯವರು ಅಲ್ಲಿನ ಕೊಳವೆಬಾವಿಗಳನ್ನು ಪರೀಕ್ಷಿಸಿದರು, ಆರ್ಸೆನಿಕ್ಕನ್ನು ಮಾತ್ರ ನೋಡಲಿಲ್ಲ. ಆ ನೀರು ಕುಡಿದು ಕಾಯಿಲೆಬಿದ್ದವರ ದಾವೆಯನ್ನು ಹೌಸ್ ಆಫ್ ಲಾರ್ಡ್ಸ್ 2006ರಲ್ಲಿ ತಳ್ಳಿಹಾಕಿತು: ವರದಿ ಬರೆದವರಿಗೂ ನೀರು ಕುಡಿದವರಿಗೂ ನಡುವೆ ಹೊಣೆ ಹೊರಿಸುವಷ್ಟು ನಂಟಿಲ್ಲ ಎಂದು. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಿರಬಹುದು. ಪರೀಕ್ಷಾ ಪಟ್ಟಿಯಲ್ಲಿ ಯಾವ ಅಂಕಣ ಇರಬೇಕು, ಯಾವುದು ಬೇಡ ಎಂದು ಟಿಪ್ಪಣಿ ಬರೆಯುವ ನಮ್ಮ ವೃತ್ತಿಗೆ ಮಾತ್ರ ಆ ತೀರ್ಪು ನೆಮ್ಮದಿ ಕೊಡಬಾರದು.

ಇನ್ನೊಂದು ಆಕ್ಷೇಪ: ಸಮಸ್ಯೆ ಈಗಾಗಲೇ ಬಗೆಹರಿದಿದೆಯಲ್ಲ, ಪೈಪಿನಲ್ಲಿ ನದಿನೀರು ಬರುತ್ತಿದೆಯಲ್ಲ? 1990ರ ದಶಕದ ನಡುವೆ ಸತ್ಯಸಾಯಿ ನೀರು ಯೋಜನೆ ಅವಿಭಜಿತ ಅನಂತಪುರ ಜಿಲ್ಲೆಯ 700ಕ್ಕೂ ಹೆಚ್ಚು ಹಳ್ಳಿಗಳನ್ನು ತಲುಪಿತು. 1999ರಲ್ಲಿ ಅದನ್ನು ಸ್ಮರಿಸಿ ಅಂಚೆಚೀಟಿಯೂ ಬಂತು. ಅದು ದೊಡ್ಡ ಕೆಲಸ, ಸಂಶಯವಿಲ್ಲ. ಆದರೆ ಪೈಪಿಗೆ ಒಂದು ಗುಣವಿದೆ: ಉದ್ಘಾಟನೆಯ ದಿನ ಅದು ಪೂರ್ತಿ ತುಂಬಿರುತ್ತದೆ. ಆಮೇಲಿನ ವರ್ಷಗಳಲ್ಲಿ ಪಂಪು ಸುಡುತ್ತದೆ, ಕರೆಂಟು ಹೋಗುತ್ತದೆ, ಸಂಬಳ ಬಾಕಿಯಾಗಿ ಕಾರ್ಮಿಕರು ಮುಷ್ಕರ ಹೂಡುತ್ತಾರೆ. ಆ ದಿನಗಳಲ್ಲಿ ಊರು ಮತ್ತೆ ಬೋರಿಗೇ ಹೋಗುತ್ತದೆ. ನೀರಗಂಟಿಯ ಸಂಬಳ ಈ ಸೀಮೆಯಲ್ಲಿ ಆಡಳಿತ ವೆಚ್ಚವಲ್ಲ, ಶುದ್ಧೀಕರಣದ ವೆಚ್ಚ. ಮೂಳೆಯಲ್ಲಿ ಕೂಡುತ್ತ ಹೋಗುವ ವಿಷಕ್ಕೆ ಬಿಟ್ಟುಬಿಟ್ಟು ಬರುವ ಒಳ್ಳೆಯ ನೀರು ಅರ್ಧ ಉತ್ತರ ಮಾತ್ರ. ಎಂಟು ವರ್ಷದೊಳಗಿನ ಮಗುವಿನ ಹಲ್ಲು ಮೂಡುವಾಗ ಬಿದ್ದ ಕಂದು ಕಲೆ ಮುಂದಿನ ವರ್ಷ ಪೈಪು ದುರಸ್ತಿಯಾಯಿತೆಂದು ಹೋಗುವುದಿಲ್ಲ. ಆರ್‌ಒ ಘಟಕಗಳ ಕ್ಯಾನಿನ ಬಗ್ಗೆಯೂ ಇದೇ ಮಾತು: ಕುಡಿಯಲು ಕ್ಯಾನು, ಅಡುಗೆಗೆ ಬೋರು ಎಂದಾದರೆ ಫ್ಲೋರೈಡ್ ಸಾರಿನೊಳಗಿಂದ ಬರುತ್ತದೆ. ಘಟಕ ಹೊರಚೆಲ್ಲುವ ನೀರಿನಲ್ಲಿ ಅದು ಇನ್ನೂ ಗಾಢವಾಗಿರುತ್ತದೆ. ಅದು ಹರಿದು ಸೇರುವ ಹಳ್ಳದ ಲೆಕ್ಕ ಇಡುವವರು ಯಾರು?

ಮಾನದಂಡದ ಬಗ್ಗೆಯೂ ಒಂದು ಮಾತು. ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಿತ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹ್ಯ ಎನ್ನುತ್ತದೆ ಭಾರತೀಯ ಮಾನಕ. ಕಾಶ್ಮೀರಕ್ಕೂ ಕಲ್ಯಾಣದುರ್ಗಕ್ಕೂ ಒಂದೇ ಅಂಕಿ. ನೆರಳಿನಲ್ಲಿ ಕೂತು ಎರಡು ಲೀಟರ್ ಕುಡಿಯುವವನಿಗೆ 1.5ರ ನೀರಿನಿಂದ ಇಳಿಯುವುದು 3 ಮಿಲಿಗ್ರಾಂ. ಕಡಲೆಕಾಯಿ ಹೊಲದಲ್ಲಿ ಬಿಸಿಲಿಗೆ ಐದು ಲೀಟರ್ ಕುಡಿಯುವ ಹೆಂಗಸಿಗೆ ‘ಸುರಕ್ಷಿತ’ವಾದ 1ರ ನೀರಿನಿಂದಲೇ 5. ಅಮೆರಿಕದವರು 1962ರಲ್ಲೇ ಊರಿನ ಸೆಖೆಗೆ ತಕ್ಕಂತೆ ನೀರಿನ ಫ್ಲೋರೈಡ್ ಅಂಕಿಯನ್ನು ಏರಿಳಿಸಿದ್ದರು. ನಮ್ಮಲ್ಲಿ ಕೂಲಿಯ ದರ ಜಿಲ್ಲೆಗೊಂದು ಇರಬಹುದಂತೆ, ಬಾಯಾರಿಕೆಯ ದರ ಮಾತ್ರ ದೇಶಕ್ಕೆಲ್ಲ ಒಂದೇ!

ಆಂಧ್ರ-ಕರ್ನಾಟಕ ಗಡಿಯ ಸಂಗತಿಯನ್ನು ಚುಟುಕಾಗಿ ಹೇಳುತ್ತೇನೆ. ಮೂರು ಕಡೆ ಆಂಧ್ರ ಸುತ್ತುವರಿದ ಕರ್ನಾಟಕದ ಪಾವಗಡದ ಕಲ್ಲೂ ಮಡಕಶಿರಾದ ಕಲ್ಲೂ ಒಂದೇ. ವೇದಾವತಿ ನದಿ ಚಿತ್ರದುರ್ಗ ದಾಟಿ ಆಂಧ್ರದ ಭೈರವಾನಿತಿಪ್ಪಕ್ಕೆ ಬರುವಾಗ ಯಾರ ಅನುಮತಿಯನ್ನೂ ಕೇಳುವುದಿಲ್ಲ. ಯೋಜನೆಗಳು ಮಾತ್ರ ಗಡಿ ನೋಡುತ್ತವೆ: ಅಂತರ್ಜಲಕ್ಕಾಗಿ ಕೇಂದ್ರ ತಂದ ಅಟಲ್ ಭೂಜಲ ಯೋಜನೆಗೆ ಆಯ್ದ ಏಳು ರಾಜ್ಯಗಳಲ್ಲಿ ಕರ್ನಾಟಕವಿತ್ತು, ಆಂಧ್ರ ಇರಲಿಲ್ಲ. ಕನ್ನಡ ಮಾತಾಡುವ ಮಡಕಶಿರಾದ ಹಳ್ಳಿಗೆ ನೀರಿನ ಪರೀಕ್ಷಾ ಫಲಿತಾಂಶ ಅದು ಓದುವ ಭಾಷೆಯಲ್ಲಿ ತಲುಪಬೇಕು ಎಂಬುದನ್ನು ಭಾಷಾಭಿಮಾನವೆಂದು ಯಾರೂ ತಳ್ಳಬಾರದು. ಓದಲಾಗದ ಎಚ್ಚರಿಕೆಯಿಂದ ಬೋರಿನ ಕೈಪಂಪು ನಿಲ್ಲುವುದಿಲ್ಲ. ಕೊನೆಗೆ, ಈ ಗೋಷ್ಠಿಗೆ ನನ್ನ ಕೋರಿಕೆ ಸಣ್ಣದು. ಎಷ್ಟು ಮನೆಗೆ ನಲ್ಲಿ ಬಂತು ಎಂಬ ಅಂಕಣದ ಪಕ್ಕದಲ್ಲಿ, ವರ್ಷದಲ್ಲಿ ಎಷ್ಟು ದಿನ ಆ ಊರು ಬೋರಿನ ನೀರು ಕುಡಿಯಿತು ಎಂಬ ಇನ್ನೊಂದು ಅಂಕಣ ಎಳೆಯೋಣ. ಅದನ್ನು ತುಂಬಬೇಕಾದವರು ನೀರಗಂಟಿಯೋ, ಆಶಾ ಕಾರ್ಯಕರ್ತೆಯೋ, ಶಾಲೆಯ ಮೇಷ್ಟರೋ ಎಂಬಲ್ಲಿಂದ ಚರ್ಚೆ ಶುರುವಾಗಲಿ.