ಸಂಧಿಪದಿಯಿಂದ ಆರ್ಥ್ರೈಟಿಸ್‌ವರೆಗೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಲಿನ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಹುರುಪಿನಿಂದ ವಿಜ್ಞಾನಕ್ಕೆ ಸೇರುತ್ತಾರೆ. ಎರಡು ತಿಂಗಳೊಳಗೆ ಕೆಲವರು, “ಸರ್, ಇಂಗ್ಲಿಷ್ ತಲಿಗೆ ಹತ್ತವಲ್ದು, ಆರ್ಟ್ಸ್‌ಗೆ ಹೋಕ್ಕೀನ್ರಿ” ಎಂದು ಅರ್ಜಿ ಹಿಡಿದು ನಿಲ್ಲುತ್ತಾರೆ. ಜಾಣ ಮಕ್ಕಳೇ. ಅವರನ್ನು ಓಡಿಸುವುದು ವಿಜ್ಞಾನವಲ್ಲ, ಆ ಉದ್ದುದ್ದ ಶಬ್ದಗಳು.

ಆ ಶಬ್ದಗಳಲ್ಲಿ ಎಷ್ಟೋ ಗ್ರೀಕ್ ಭಾಷೆಯ ತುಂಡುಗಳಿಂದ ಕಟ್ಟಿದವು. ಲಂಡನ್ನಿನ ಹುಡುಗನೂ ಅವನ್ನು ಕಲಿತೇ ತಿಳಿಯಬೇಕು. ನಮ್ಮ ಮಕ್ಕಳಿಗಾದರೋ ಅರ್ಧ ಕೆಲಸ ಇಲ್ಲಿಯೇ, ಈ ಶಾಲೆಯಲ್ಲಿಯೇ ಆಗಿರುತ್ತದೆ.

ಚೇಳು, ಏಡಿ, ಜೇಡಗಳ ವರ್ಗಕ್ಕೆ ನಮ್ಮ ಪುಸ್ತಕದಲ್ಲಿ ‘ಸಂಧಿಪದಿಗಳು’ ಎಂಬ ಹೆಸರಿದೆ. ಇಂಗ್ಲಿಷಿನಲ್ಲಿ ಆರ್ಥ್ರೊಪೊಡ. ಆರ್ಥ್ರೊನ್ ಎಂದರೆ ಕೀಲು, ಪೊಡ್ ಎಂದರೆ ಪಾದ. ಸಂಧಿ, ಪದ! ಗ್ರೀಕಿನ ಪೊಡ್ ಮತ್ತು ಸಂಸ್ಕೃತದ ಪಾದ ಒಂದೇ ಮೂಲದ ದಾಯಾದಿಗಳು. ಈಗ ಅಜ್ಜಿಯ ಮೊಣಕಾಲು ನೋಡಿ. ‘ಐಟಿಸ್’ ಅಂದರೆ ಉರಿಯೂತ. ಕೀಲಿನ ಉರಿಯೂತ ಆರ್ಥ್ರೈಟಿಸ್. ಗ್ಯಾಸ್ಟರ್ ಎಂದರೆ ಹೊಟ್ಟೆ, ಅಲ್ಲಿಯದು ಗ್ಯಾಸ್ಟ್ರೈಟಿಸ್. (ಅದಕ್ಕೆ ಬ್ಯಾಡಗಿ ಮೆಣಸಿನಕಾಯಿಯನ್ನು ಬೈಯಬೇಡಿ, ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ.) ‘ಹೆಪಾರ್’ ಯಕೃತ್ತು, ಹಾಗಾಗಿ ಹೆಪಟೈಟಿಸ್. ‘ಕಂಟಕಚರ್ಮಿ’ ಓದಿದ ಮಗುವಿಗೆ ಎಕೈನೊಡರ್ಮದ ‘ಡರ್ಮ’ ಚರ್ಮವೆಂದು ಒಮ್ಮೆ ಹೇಳಿದರೆ ಸಾಕು, ಹುಬ್ಬಳ್ಳಿ, ದಾವಣಗೆರೆಯ ಆಸ್ಪತ್ರೆಗಳಲ್ಲಿ ಡರ್ಮಟಾಲಜಿ ಎಂಬ ಬೋರ್ಡ್ ಕಂಡಾಗ ತಂದೆಯನ್ನು ನೇರ ಅಲ್ಲಿಗೇ ಕರೆದೊಯ್ಯುತ್ತದೆ. ನೆಫ್ರಾಲಜಿಯ ‘ನೆಫ್ರೊಸ್’ ಮೂತ್ರಪಿಂಡ.

ಪತ್ರಹರಿತ್ತು: ಕ್ಲೋರೊಸ್ ಹಸಿರು, ಫಿಲ್ಲೊನ್ ಎಲೆ, ಕ್ಲೋರೊಫಿಲ್. ದ್ಯುತಿಸಂಶ್ಲೇಷಣೆಯಲ್ಲಿ ದ್ಯುತಿಯೇ ಫೋಟೊ. ಈ ಕನ್ನಡ ಹೆಸರುಗಳು ಬರೀ ಭಾರವೆಂದು ಗೊಣಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಕೀಲಿಕೈ ನಮ್ಮ ಮಕ್ಕಳ ಕಿಸೆಯಲ್ಲಿಯೇ ಇದೆ, ಬೀಗ ಯಾವುದೆಂದು ನಾವು ತೋರಿಸಿಲ್ಲ.

ಕಾಗುಣಿತಕ್ಕೂ ಇದು ಉಪಯೋಗ. ಫೋಟೊಗೆ ಎಫ್ ಬಿಟ್ಟು ಪಿ, ಎಚ್ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಪ್ರಾಚೀನ ಗ್ರೀಕರ ಆ ಅಕ್ಷರ ನಮ್ಮ ಮಹಾಪ್ರಾಣ ‘ಫ’ದಂತೆಯೇ ಇತ್ತು, ಪಕಾರಕ್ಕೆ ಉಸಿರು ಸೇರಿಸಿದ್ದು. ಉಚ್ಚಾರ ಬದಲಾಯಿತು, ಬರವಣಿಗೆ ಉಳಿಯಿತು.

ಇನ್ನೊಂದು ಸ್ವಾರಸ್ಯ. 1997ರಲ್ಲಿ ಹಾವೇರಿ ಜಿಲ್ಲಾ ಕೇಂದ್ರವಾಯಿತಲ್ಲ, ಆ ‘ಕೇಂದ್ರ’ವೂ ಗ್ರೀಕಿನದೇ. ಎತ್ತಿಗೆ ಚುಚ್ಚುವ ಕೋಲಿನ ಮೊನೆಗೆ ಅವರು ಕೆಂಟ್ರೊನ್ ಎನ್ನುತ್ತಿದ್ದರು. ಮುಂದೆ ಅದೇ ವೃತ್ತದ ನಡುಬಿಂದುವಿನ ಹೆಸರಾಯಿತು. ಜ್ಯೋತಿಷ್ಯದ ಜೊತೆ ಸಂಸ್ಕೃತಕ್ಕೆ ಬಂದು ಕೇಂದ್ರವಾಯಿತು, ಲ್ಯಾಟಿನ್ ಹಾದಿ ಹಿಡಿದು ಸೆಂಟರ್ ಆಯಿತು. ಎರಡನೆಯ ಶತಮಾನದ ಟಾಲೆಮಿ ನಮ್ಮ ನೆರೆಯ ಬನವಾಸಿಯ ಹೆಸರನ್ನು ಗ್ರೀಕಿನಲ್ಲಿ ಬರೆದಿದ್ದಾನೆ. ಹಳೆಯ ಬಳಕೆ ನಮ್ಮದು.

ಇದರಿಂದ ಇಂಗ್ಲಿಷ್ ಮಾತಾಡಲು ಬರುವುದಿಲ್ಲ. ಅದಕ್ಕೆ ಬಾಯಿ ಬಿಟ್ಟು ಮಾತಾಡಬೇಕು. ಉದ್ದ ಶಬ್ದಗಳೆಲ್ಲ ಗ್ರೀಕೂ ಅಲ್ಲ: ರಾಣೆಬೆನ್ನೂರಿನ ಕೃಷ್ಣಮೃಗವನ್ನು ಹರ್ಬಿವೋರ್ ಎನ್ನುತ್ತೇವೆ, ಅದು ಲ್ಯಾಟಿನ್. ಮಕ್ಕಳ ವೈದ್ಯರ ಪೀಡಿಯಾಟ್ರಿಕ್ಸ್‌ನಲ್ಲಿರುವುದು ಗ್ರೀಕಿನ ಮಗು. ಪೆಡಲ್‌ನಲ್ಲಿರುವುದು ಲ್ಯಾಟಿನ್ನಿನ ಪಾದ.

ಇಂಥ ಅರವತ್ತು ಮೂಲಗಳನ್ನು ಕನ್ನಡ ಪದಗಳ ಜೊತೆ ಬರೆದು ಮುಖ್ಯಗುರುಗಳಿಗೆ ಕೊಟ್ಟಿದ್ದೇನೆ. ಹತ್ತನೆಯ ತರಗತಿಯವರು ಪರೀಕ್ಷೆ ಮುಗಿದ ಮೇಲೆ, ಕಾಲೇಜು ಸೇರುವ ಮೊದಲು ಅದನ್ನು ನಕಲು ಮಾಡಿಕೊಳ್ಳಿ. ರಜೆಯಲ್ಲಿ ನಾನು ಊರಲ್ಲೇ ಇರುತ್ತೇನೆ, ಮನೆಗೆ ಬನ್ನಿ.