ಚಿತ್ರದೊಳಗಿನ ಹುಸಿ
(ಮಾಟುಂಗದ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ, ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಗುಮಾಸ್ತನಾದವನು. ಬಟ್ಟೆಯನ್ನು ಬೆಳಕಿಗೆ ಹಿಡಿದು ಎಳೆ ತಪ್ಪಿದಲ್ಲಿ ಗುರುತು ಹಾಕುವವರನ್ನು ದಿನವೂ ನೋಡುತ್ತೇನೆ. ಮೊಬೈಲಿಗೆ ಬರುವ ಚಿತ್ರಗಳನ್ನೂ ಹಾಗೆಯೇ ನೋಡಬೇಕಾದ ಕಾಲ ಬಂದಿದೆ. ಕೃತಕ ಬುದ್ಧಿಮತ್ತೆಯ ಯಂತ್ರ ಇಲ್ಲದ ಮನುಷ್ಯನ ಭಾವಚಿತ್ರ ತೆಗೆಯುತ್ತದೆ. ಇರುವವರ ಬಾಯಲ್ಲಿ ಆಡದ ಮಾತು ತುರುಕುತ್ತದೆ.

2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರದೆಂದು ಒಂದು ವಿಡಿಯೋ ದೇಶವೆಲ್ಲ ಹರಿದಾಡಿತು. ಲಿಫ್ಟಿನೊಳಗೆ ಬರುವ ಹೆಂಗಸು ಬೇರೆ, ಅಂಟಿಸಿದ ಮುಖ ಇವರದು. ಮೊದಲ ಕ್ಷಣವನ್ನು ನಿಲ್ಲಿಸಿ ನೋಡಿದವರಿಗೆ ಮೂಲದ ಹೆಂಗಸಿನ ಮುಖವೇ ಕಂಡಿತು. ಮರುಕ್ಷಣ ಅದು ಬದಲಾಗಿತ್ತು. ನೋಡಿದವರು ಅಸಂಖ್ಯ, ನಿಲ್ಲಿಸಿ ನೋಡಿದವರು ಕೆಲವರೇ. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಇದರ ಆರೋಪದ ಮೇಲೆ ಆಂಧ್ರದಲ್ಲಿ ಒಬ್ಬನನ್ನು ಬಂಧಿಸಿದರು.

ಎಲ್ಲಿ ನೋಡಬೇಕು? ಮುಖ ಬಿಡಿ, ಅದನ್ನು ಯಂತ್ರ ಚೆನ್ನಾಗಿಯೇ ಮಾಡುತ್ತದೆ. ಕೈ ನೋಡಿ: ಬೆರಳೆಷ್ಟು, ಲೋಟವನ್ನು ನಿಜವಾಗಿ ಹಿಡಿದಿವೆಯೇ? ಎರಡು ಕಿವಿಯ ಓಲೆ ಒಂದೇ ಜೋಡಿಯೇ? ಕನ್ನಡಕದ ಕಡ್ಡಿ ಕೆನ್ನೆಯೊಳಗೆ ಕರಗಿದೆಯೇ? ಹಿಂದಿನ ಅಂಗಡಿಯ ಬೋರ್ಡು ಓದಿ. ದೂರಕ್ಕೆ ಕನ್ನಡದಂತೆ ಕಂಡು, ಹತ್ತಿರಕ್ಕೆ ಬಂದರೆ ಒತ್ತಕ್ಷರವೂ ಅಲ್ಲದ, ಕೊಂಬೂ ಅಲ್ಲದ ಸುರುಳಿಗಳಿದ್ದರೆ ಸಂಶಯ ಪಡಿ. ಇಲ್ಲಿ ನಮ್ಮ ಅಕ್ಷರಜ್ಞಾನವೇ ಒರೆಗಲ್ಲು.

ಮಾತನಾಡುವ ವಿಡಿಯೋದಲ್ಲಿ ತುಟಿ ನೋಡಿ. ಪ, ಬ, ಮ ಹೇಳುವಾಗ ತುಟಿ ಕೂಡಲೇಬೇಕು. ಓಷ್ಠ್ಯಾಕ್ಷರವೆಂದು ಶಾಲೆಯಲ್ಲಿ ಕಲಿತದ್ದು ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು! ಹಣ ಹೂಡಿರೆಂದು ತಮ್ಮ ಹೆಸರಿನಲ್ಲಿ ಓಡಾಡುತ್ತಿದ್ದ ಸುಳ್ಳು ವಿಡಿಯೋಗಳ ಬಗ್ಗೆ ಇನ್ಫೋಸಿಸಿನ ನಾರಾಯಣಮೂರ್ತಿಯವರು 2023ರ ಡಿಸೆಂಬರಿನಲ್ಲೇ ಎಚ್ಚರಿಸಿದ್ದರು. ನನ್ನ ಖೋಲಿಯ ಸಂಗಾತಿಯೊಬ್ಬರು ಅಂಥದೇ ಇನ್ನೊಂದನ್ನು ನಂಬಿ, ತಂಗಿಯ ಮದುವೆಗೆಂದು ಕೂಡಿಟ್ಟ ಹದಿನೆಂಟು ಸಾವಿರ ಕಳಿಸಿಬಿಟ್ಟರು. ಆಮೇಲೆ ಇಬ್ಬರೂ ಕೂತು ನೋಡಿದೆವು. ‘ಬಂಡವಾಳ’ ಎನ್ನುವಾಗ ಆ ದೊಡ್ಡ ಮನುಷ್ಯರ ತುಟಿ ಕೂಡಲೇ ಇಲ್ಲ.

ಆದರೆ ಒಂದು ಮಾತು. ಯಂತ್ರ ತಿಂಗಳು ತಿಂಗಳಿಗೂ ಸುಧಾರಿಸುತ್ತಿದೆ. ಆರನೆಯ ಬೆರಳು ಈಗ ಅಪರೂಪ, ಅಕ್ಷರವೂ ತಿದ್ದಿಕೊಳ್ಳುತ್ತಿದೆ. ದೋಷ ಸಿಕ್ಕರೆ ಸಂಶಯಕ್ಕೆ ಆಧಾರವುಂಟು. ಸಿಗಲಿಲ್ಲವೆಂದು ಚಿತ್ರ ನಿಜವೆನ್ನಬೇಡಿ. ಯಾರು ಕಳಿಸಿದರು, ಮೊದಲು ಎಲ್ಲಿ ಬಂತು ಎಂದು ವಿಚಾರಿಸಿ. ಊರಿನವರ ಮುಖ ತೋರಿಸಿ ಹಣ ಕೇಳಿದರೆ, ನಿಮ್ಮ ಹತ್ತಿರವಿರುವ ಹಳೆಯ ನಂಬರಿಗೇ ಫೋನು ಮಾಡಿ ಮಾತಾಡಿ.

ಹಣ ಹೋಗಿಬಿಟ್ಟರೆ ನಾಚಿಕೆ ಬೇಡ, ಕೂಡಲೇ 1930ಕ್ಕೆ ಫೋನು ಮಾಡಿ. ಬೇಗ ತಿಳಿಸಿದರೆ ಹಣ ಮುಂದೆ ದಾಟದಂತೆ ಬ್ಯಾಂಕಿನವರು ತಡೆಹಿಡಿಯುವ ಸಂಭವ ಹೆಚ್ಚು. ನನ್ನ ಸಂಗಾತಿ ಮೂರು ದಿನ ಯಾರಿಗೂ ಹೇಳಿರಲಿಲ್ಲ.

ಭಾನುವಾರ ಸಂಜೆ ನಾನು ಇಲ್ಲೇ ಇರುತ್ತೇನೆ. ಸಂಶಯದ ಚಿತ್ರವಿದ್ದವರು ತನ್ನಿ, ಕೂಡಿ ನೋಡೋಣ.