ಒಂದೇ ಮಾತ್ರೆ, ಎರಡು ರಿಪೋರ್ಟ್: ಕೊಲೆಸ್ಟ್ರಾಲ್ ಔಷಧಿ ಎಲ್ಲರಿಗೂ ಒಂದೇ ಥರ ಯಾಕೆ ಕೆಲಸ ಮಾಡಲ್ಲ?

ಇವತ್ತಿನ ಎಪಿಸೋಡ್ ಶಿಡ್ಲಘಟ್ಟದ ಒಬ್ಬ ಕೇಳುಗರು ಕಳಿಸಿದ ವಾಯ್ಸ್ ಮೆಸೇಜ್‌ನಿಂದ ಶುರುವಾಗಿದ್ದು. ಅವರ ಅಪ್ಪ, ಚಿಕ್ಕಪ್ಪ ಇಬ್ಬರಿಗೂ ಒಬ್ಬರೇ ಡಾಕ್ಟರು ಅಟೊರ್ವಾಸ್ಟ್ಯಾಟಿನ್ 10 ಎಂಜಿ ಬರೆದಿದ್ದರಂತೆ. ಮೂರು ತಿಂಗಳ ನಂತರ ಅಪ್ಪನ ಎಲ್‌ಡಿಎಲ್, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್, 180ರಿಂದ 112ಕ್ಕೆ ಇಳೀತು. ಚಿಕ್ಕಪ್ಪಂದು 150ರಿಂದ 132. "ಈ ಮಾತ್ರೆ ನನ್ನ ಮೈಗೆ ಹಿಡಿಸಲ್ಲ ಕಣೋ" ಅಂತ ಚಿಕ್ಕಪ್ಪ ನಿಲ್ಲಿಸಿಬಿಟ್ಟಿದ್ದಾರೆ. ಅವರು ಹೇಳೋದು ನಿಜಾನಾ ಅನ್ನೋದು ಪ್ರಶ್ನೆ.

ನಾನು ಬಿಕಾಂ ಓದಿದವನು, ಡಾಕ್ಟರಲ್ಲ. ಅದಕ್ಕೇ ಮೊದಲು ಲೆಕ್ಕ ನೋಡ್ತೀನಿ. ಅಪ್ಪಂದು ಸುಮಾರು ಶೇ 38ರಷ್ಟು ಇಳಿದಿದೆ, ಚಿಕ್ಕಪ್ಪಂದು ಶೇ 12. ಮಾತ್ರೆ ಕೆಲಸ ಮಾಡಿದೆಯಾ ಅಂತ ತಿಳಿಯೋಕೆ ಈ ಶೇಕಡಾವಾರು ನೋಡಬೇಕು. ಅದಕ್ಕೆ ಮಾತ್ರೆ ಶುರು ಮಾಡೋಕೆ ಮುಂಚಿನ ರಿಪೋರ್ಟ್ ಬೇಕೇ ಬೇಕು. ಓಪನಿಂಗ್ ಬ್ಯಾಲೆನ್ಸ್ ಗೊತ್ತಿಲ್ಲದೆ ಲೆಕ್ಕ ಮುಗಿಸೋಕಾಗುತ್ತಾ?

ಈಗ ಒಳಗಡೆ ಏನಾಗುತ್ತೆ ನೋಡೋಣ. ಕೊಲೆಸ್ಟ್ರಾಲ್ ಬರೀ ಊಟದಿಂದ ಬರಲ್ಲ, ನಮ್ಮ ಲಿವರ್ ತಾನೇ ತಯಾರು ಮಾಡುತ್ತೆ. ನಮ್ಮ ಕಡೆ "ಮುದ್ದೆ, ಬಸ್ಸಾರು ತಿನ್ನೋನಿಗೆ ಎಲ್ಲಿಂದ ಕೊಲೆಸ್ಟ್ರಾಲ್" ಅಂತಾರಲ್ಲ, ಆ ಮಾತಿಗೆ ಇದೇ ಉತ್ತರ. ಸ್ಟ್ಯಾಟಿನ್ ಮಾತ್ರೆ ಈ ತಯಾರಿಕೆಯನ್ನ ತಗ್ಗಿಸುತ್ತೆ. ಸರಕು ಕಡಿಮೆ ಬಿದ್ದಾಗ ಲಿವರ್ ತನ್ನ ಮೇಲ್ಮೈಯಲ್ಲಿ ಹೆಚ್ಚು ಬಾಗಿಲು ತೆರೆದು ರಕ್ತದಲ್ಲಿರೋ ಎಲ್‌ಡಿಎಲ್‌ನ ಒಳಗೆ ಎಳ್ಕೊಳ್ಳುತ್ತೆ. ಈ ಬಾಗಿಲುಗಳನ್ನ ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು. ಅಂದ್ರೆ ರಕ್ತ ಕ್ಲೀನ್ ಮಾಡೋದು ಮಾತ್ರೆ ಅಲ್ಲ, ನಿಮ್ಮ ಲಿವರ್. ಒಬ್ಬೊಬ್ಬರ ಲಿವರ್ ಒಂದೊಂದು ಥರ.

ಎಷ್ಟು ವ್ಯತ್ಯಾಸ ಇರಬಹುದು? ಜುಪಿಟರ್ ಅನ್ನೋ ದೊಡ್ಡ ಟ್ರಯಲ್‌ನಲ್ಲಿ ರೋಸುವಾಸ್ಟ್ಯಾಟಿನ್ 20 ಎಂಜಿ ಕೊಡಲಾಗಿತ್ತು. 2016ರಲ್ಲಿ ಬಂದ ಅದರ ವಿಶ್ಲೇಷಣೆ ಪ್ರಕಾರ ನೂರಕ್ಕೆ ಸುಮಾರು 46 ಜನರ ಎಲ್‌ಡಿಎಲ್ ಅರ್ಧಕ್ಕರ್ಧ ಅಥವಾ ಅದಕ್ಕಿಂತ ಹೆಚ್ಚು ಇಳೀತು. 43 ಜನರಿಗೆ ಇಳೀತು, ಆದ್ರೆ ಅರ್ಧದಷ್ಟಲ್ಲ. ಉಳಿದ 11 ಜನರಿಗೆ ಇಳೀಲೇ ಇಲ್ಲ. ಎಲ್ಲರಿಗೂ ಅದೇ ಮಾತ್ರೆ, ಅದೇ ಡೋಸು.

ಕಾರಣಗಳಲ್ಲಿ ಮೊದಲನೇದು ಹೇಳೋಕೆ ಮುಜುಗರ: ಮಾತ್ರೆ ದಿನಾ ತಗೊಳ್ದೇ ಇರೋದು. ಶಿಡ್ಲಘಟ್ಟದಲ್ಲಿ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಹಾಕೋ ಮನೆಗಳಲ್ಲಿ, ಚಿಂತಾಮಣಿಯಲ್ಲಿ ಟೊಮೆಟೊ ಲೋಡ್ ಮಾಡೋ ದಿನಗಳಲ್ಲಿ, ನೋವೇ ಇಲ್ಲದ ಕಾಯಿಲೆಯ ಮಾತ್ರೆ ಯಾರಿಗೆ ನೆನಪಿರುತ್ತೆ? ಒಂದು ಸಮಾಧಾನ ಏನಂದ್ರೆ ಅಟೊರ್ವಾ, ರೋಸುವಾ ಎರಡನ್ನೂ ಬೆಳಗ್ಗೆ ಬೇಕಾದ್ರೂ ತಗೋಬಹುದು. ರಾತ್ರಿಯೇ ಆಗಬೇಕು ಅನ್ನೋದು ಸಿಮ್ವಾಸ್ಟ್ಯಾಟಿನ್ ಥರದ ಹಳೇ ಮಾತ್ರೆಗಳ ಕಥೆ. ಬೆಳಗಿನ ಕಾಫಿ ಜೊತೆ ನೆನಪಾಗೋದಾದ್ರೆ ಹಾಗೇ ಮಾಡಬಹುದಾ ಅಂತ ಡಾಕ್ಟರ್‌ನ ಕೇಳಿ.

ಎರಡನೇದು ಹುಟ್ಟಿನಿಂದ ಬರೋದು. ಕೆಲವರ ದೇಹ ಕೊಲೆಸ್ಟ್ರಾಲ್ ತಯಾರಿಸೋದು ಕಡಿಮೆ, ಕರುಳಿನಿಂದ ಹೀರಿಕೊಳ್ಳೋದು ಜಾಸ್ತಿ. ಇವರಿಗೆ ಸ್ಟ್ಯಾಟಿನ್ ಅಷ್ಟಾಗಿ ನಾಟಲ್ಲ. ಕರುಳಲ್ಲೇ ತಡೆಯೋ ಎಜೆಟಿಮೈಬ್ ಜೊತೆಗೆ ಸೇರಿಸಿದ್ರೆ ಒಳ್ಳೇ ಫಲ ಸಿಗುತ್ತೆ. ಇನ್ನು ಕೆಲವರಿಗೆ ಆ ಬಾಗಿಲು ಮಾಡೋ ಜೀನ್‌ನಲ್ಲೇ ದೋಷ. ಅಂಥ ಮನೆಗಳಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿರುತ್ತೆ, ಅದು ಗೊತ್ತಾದ್ರೆ ಮಕ್ಕಳಿಗೂ ಟೆಸ್ಟ್ ಮಾಡಿಸಬೇಕು.

ಇನ್ನೊಂದು ವಿಷಯ ನಮಗೇ ಸಂಬಂಧಪಟ್ಟಿದ್ದು. ಸಿಂಗಾಪುರದಲ್ಲಿ ಚೀನೀ, ಮಲಯ್, ಭಾರತೀಯ ಮೂಲದವರು ಮತ್ತು ಬಿಳಿಯರಿಗೆ ಒಂದೇ ಪ್ರಮಾಣದ ರೋಸುವಾಸ್ಟ್ಯಾಟಿನ್ ಕೊಟ್ಟು ನೋಡಿದ್ರು. ಬಿಳಿಯರಿಗೆ ಹೋಲಿಸಿದ್ರೆ ಭಾರತೀಯರ ರಕ್ತದಲ್ಲಿ ಔಷಧಿ ಸುಮಾರು 1.6 ಪಟ್ಟು ಇತ್ತು. ಅಮೆರಿಕದಲ್ಲಿ 2005ರಿಂದ ಏಷ್ಯಾದವರಿಗೆ 5 ಎಂಜಿಯಿಂದ ಶುರು ಮಾಡಿ ಅನ್ನೋ ಸೂಚನೆ ಇದಕ್ಕೇ ಬಂತು. ಹಾಗಾಗಿ ಅಮೆರಿಕದಲ್ಲಿರೋ ನಿಮ್ಮ ಕಸಿನ್ ಹೇಳೋ ಡೋಸು ನಿಮ್ಮಪ್ಪನಿಗೆ ಅಳತೆಗೋಲಲ್ಲ.

ಥೈರಾಯ್ಡ್ ಕಡಿಮೆ ಇದ್ರೆ ಎಲ್‌ಡಿಎಲ್ ಇಳಿಯೋಕೆ ಕೇಳಲ್ಲ, ಮಾಂಸಖಂಡದ ನೋವೂ ಜಾಸ್ತಿ. ಚಿಕ್ಕಪ್ಪನಂಥವರಿಗೆ ಟಿಎಸ್‌ಎಚ್ ನೋಡಿದ್ದಾರಾ ಅಂತ ಕೇಳಲೇಬೇಕು. ಕೆಲವು ಆಂಟಿಬಯಾಟಿಕ್‌ಗಳು, ಉದಾಹರಣೆಗೆ ಕ್ಲಾರಿಥ್ರೋಮೈಸಿನ್, ಅಟೊರ್ವಾ ಮತ್ತು ಸಿಮ್ವಾ ಮಟ್ಟವನ್ನ ರಕ್ತದಲ್ಲಿ ಏರಿಸುತ್ತವೆ. ಗ್ರೇಪ್‌ಫ್ರೂಟ್ ಅನ್ನೋ ಹಣ್ಣಿಗೂ ಇದೇ ಗುಣ. ಅದು ನಮ್ಮ ಚಕ್ಕೋತ ಮತ್ತು ಕಿತ್ತಳೆಯ ಸಂಕರ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗೋವಾಗ ದೇವನಹಳ್ಳಿ ಚಕ್ಕೋತ ಕೊಳ್ಳದೋರು ಯಾರಿದ್ದಾರೆ? ದಿನಾ ತಿನ್ನೋ ಅಭ್ಯಾಸ ಇದ್ರೆ ಡಾಕ್ಟರ್‌ಗೆ ಒಂದು ಮಾತು ಹೇಳಿ. ರೋಸುವಾ ತಗೊಳ್ಳೋರಿಗೆ ಈ ತಾಪತ್ರಯ ಇಲ್ಲ.

"ಹಾಗಾದ್ರೆ ಚಿಕ್ಕಪ್ಪ 20 ಎಂಜಿ ತಗೊಂಡ್ರೆ ಡಬಲ್ ಇಳಿಯುತ್ತಾ?" ಇಲ್ಲ. ಡೋಸು ಡಬಲ್ ಮಾಡಿದ್ರೆ ಸಾಮಾನ್ಯವಾಗಿ ಇನ್ನೊಂದು ಶೇ 6 ಮಾತ್ರ ಇಳಿಯುತ್ತೆ. ಎಜೆಟಿಮೈಬ್ ಸೇರಿಸಿದ್ರೆ ಉಳಿದಿದ್ದರಲ್ಲಿ ಸುಮಾರು ಶೇ 20. ನೀವೇ ಲೆಕ್ಕ ಹಾಕಿ. ಆದ್ರೆ ತೀರ್ಮಾನ ಡಾಕ್ಟರದ್ದು, ಮೆಡಿಕಲ್ ಸ್ಟೋರಿನವರದ್ದಲ್ಲ.

ಮೈಕೈ ನೋವಿನ ಬಗ್ಗೆ ತುಂಬ ಜನ ಕೇಳಿದ್ದೀರಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೊಂದರೆ ಅಂತ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಔಷಧಿಯೇ ಇಲ್ಲದ ಡಮ್ಮಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ. ಸ್ಟ್ಯಾಟಿನ್ ತಗೊಂಡಾಗ ಆದ ತೊಂದರೆಯ ಶೇ 90ರಷ್ಟು ಡಮ್ಮಿಯಲ್ಲೂ ಆಯ್ತು. ನೋವು ಸುಳ್ಳು ಅಂತಲ್ಲ, ನೋವು ನಿಜ. ಕಾರಣ ಹೆಚ್ಚಿನ ಸಲ ಔಷಧಿಯಲ್ಲ ಅಷ್ಟೇ. ಆದ್ರೆ ಎದ್ದು ನಿಲ್ಲೋಕಾಗದಷ್ಟು ಸುಸ್ತು, ಕಾಫಿ ಬಣ್ಣದ ಮೂತ್ರ ಬಂದ್ರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಯಾಕೆ ಕೊರೀತಿದ್ದೀನಿ ಅಂದ್ರೆ, ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹಾರ್ಟ್ ಅಟ್ಯಾಕ್ ಸರಾಸರಿ 53ನೇ ವಯಸ್ಸಿಗೆ ಆಗಿತ್ತು, ಬೇರೆ ದೇಶದವರಿಗಿಂತ ಸುಮಾರು 6 ವರ್ಷ ಮುಂಚೆ. ನಿಮ್ಮಪ್ಪ, ಚಿಕ್ಕಪ್ಪ ಇರೋದೇ ಆ ವಯಸ್ಸಲ್ಲಿ.

ಇನ್ನು ಎಷ್ಟಿರಬೇಕು ಅನ್ನೋದೂ ಎಲ್ಲರಿಗೂ ಒಂದೇ ಅಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿ ಪ್ರಕಾರ ರಿಸ್ಕ್ ಕಡಿಮೆ ಇರೋರಿಗೆ ಎಲ್‌ಡಿಎಲ್ 100ರ ಒಳಗೆ, ಶುಗರ್ ಅಥವಾ ಬಿಪಿ ಇರೋರಿಗೆ 70ರ ಒಳಗೆ, ಈಗಾಗಲೇ ಹಾರ್ಟ್ ಅಟ್ಯಾಕ್ ಆದವರಿಗೆ 55ರ ಒಳಗೆ ಇರಬೇಕು. ಹಾಗೆ ನೋಡಿದ್ರೆ ಮನೆಯಲ್ಲಿ ಮೆಚ್ಚುಗೆ ಗಳಿಸಿದ ಅಪ್ಪನ 112 ಕೂಡ ಇನ್ನೂ ಪಾಸಾಗಿಲ್ಲ. ಚಿಕ್ಕಪ್ಪನ ಜೊತೆ ಅವರನ್ನೂ ಕರ್ಕೊಂಡು ಹೋಗಿ. ಹಳೇ ರಿಪೋರ್ಟು, ಹೊಸಾ ರಿಪೋರ್ಟು, ಮನೆಯಲ್ಲಿರೋ ಎಲ್ಲ ಸ್ಟ್ರಿಪ್‌ಗಳು, ನಾಟಿ ಔಷಧಿ ಇದ್ರೆ ಅದೂ ಬ್ಯಾಗಲ್ಲಿರಲಿ. ವಾರಕ್ಕೆ ಎಷ್ಟು ದಿನ ಮಾತ್ರೆ ತಪ್ಪಿದೆ ಅನ್ನೋದನ್ನ ಮುಚ್ಚಿಡದೆ ಹೇಳಿ.

ಗೌರಿಬಿದನೂರಿಂದ ಟ್ರೈಗ್ಲಿಸರೈಡ್ ಬಗ್ಗೆ ಬಂದಿರೋ ಪ್ರಶ್ನೆ ಮುಂದಿನ ವಾರ ತಗೊಳ್ತೀನಿ. ಸಿಗೋಣ.